ಒರೆಸಬೇಡಪ್ಪನವರು ಕಾರು ಒರೆಸಿದ್ದು

"ಗೀರು ಅಂದ್ರೇನು ಅಂತ ನನಗೇ ಹೇಳಿಕೊಡ್ತೀಯಾ? ಗೀರಿನ ಮೇಲೇ ಸಂಸಾರ ಸಾಗಿಸಿದ ಮನುಷ್ಯ ನಾನು!"

ಭಾನುವಾರ ಬೆಳಗ್ಗೆ ಕಾರು ತೊಳೆಸಲು ಹೊರಟ ಹೆಂಡತಿಗೆ ಅಡ್ಡ ನಿಂತು ಹೀಗೆ ಗುಡುಗಿದವರು ಕನ್ನಡಕದ ಅಂಗಡಿಯ ಯಜಮಾನರು. ಇವರ ಅಂಗಡಿಯಲ್ಲಿ ಯಾರಾದರೂ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಉಜ್ಜಿದರೆ ಸಾಕು, "ಒರೆಸಬೇಡಪ್ಪಾ!" ಎಂದು ಹಾವು ಕಂಡವರ ಹಾಗೆ ಕೂಗುತ್ತಿದ್ದರು. "ಮೊದಲು ತೊಳಿ, ಆಮೇಲೆ ಒರೆಸು. ಧೂಳು ಅಂದ್ರೆ ಉಪ್ಪುಕಾಗದ!" ಕೂಗಿ ಕೂಗಿ ಕೊನೆಗೆ ಗಿರಾಕಿಗಳ ಬಾಯಲ್ಲಿ ಇವರ ಹೆಸರೇ ಒರೆಸಬೇಡಪ್ಪ ಎಂದಾಯಿತು. ಹೆತ್ತವರಿಟ್ಟ ಹೆಸರು ಅಂಗಡಿಯ ಬೋರ್ಡಿನಲ್ಲಷ್ಟೇ ಉಳಿಯಿತು. ಆ ಅಡ್ಡಹೆಸರನ್ನು ಬಾಯಿಗೆ ತಾರದವಳು ಹೆಂಡತಿಯೊಬ್ಬಳೇ. "ಜನ ಏನಾದ್ರೂ ಅನ್ನಲಿ, ನನ್ನ ಬಾಯಲ್ಲಿ ಆ ಮಾತು ಬರಲ್ಲ" ಎಂದಿದ್ದಳು.

ಕಾರು ಅವಳದ್ದು. ಮನೆಮನೆಗೆ ಹೋಗಿ ವಯಸ್ಸಾದವರ ಮೊಣಕಾಲು, ಸೊಂಟ ಸಡಿಲಿಸುವ ಫಿಸಿಯೋಥೆರಪಿಸ್ಟ್ ಆಕೆ. ವರ್ಷಗಟ್ಟಲೆ ಬಸ್ಸಿನಲ್ಲಿ ಜೋತಾಡಿ, ತನ್ನದೇ ದುಡಿಮೆಯಲ್ಲಿ ಕೊಂಡ ಕಪ್ಪು ಕಾರು. ದಿನಾ ಹೊರಡುವ ಮುಂಚೆ ಬಾನೆಟ್ಟಿನ ಮೇಲೆ ಬಗ್ಗಿ, ಆ ಹೊಳಪಿನಲ್ಲಿ ಮುಖ ನೋಡಿಕೊಂಡು, ಕೂದಲು ಸರಿಮಾಡಿಕೊಂಡು, ಒಂದು ನಗು ನಕ್ಕೇ ಹತ್ತುತ್ತಿದ್ದಳು. ಮನೆಯ ಕನ್ನಡಿಗಾಗಲಿ ಗಂಡನಿಗಾಗಲಿ ಅಂಥ ನಗು ಸಿಕ್ಕಿದ್ದು ಕಡಿಮೆ.

"ಸರ್ವೀಸ್ ಸ್ಟೇಷನ್ನಲ್ಲಿ ಬ್ರಷ್ ಹಾಕಿ ತಿಕ್ಕಿ ಹಾಳು ಮಾಡ್ತಾರೆ. ನಾನೇ ಕೈಯಲ್ಲಿ ತೊಳೀತೀನಿ!"

"ಬೇಡ ರೀ. ನೀವು ಕಾರು ತೊಳೆಯೋಕೆ ಹೋದ್ರೆ ನಾನು ಕಾರಿಂದ ಕೈ ತೊಳ್ಕೋಬೇಕಾಗತ್ತೆ."

ಆಗ ಇಬ್ಬರೂ ನಕ್ಕರು.

ಆಯುಧಗಳ ಪರಿಶೀಲನೆ ಶುರುವಾಯಿತು. ಪೊರಕೆಯನ್ನು ನೋಡಿದ ಮಾತ್ರಕ್ಕೇ ಗಡೀಪಾರು! ಪಾತ್ರೆ ತಿಕ್ಕುವ ಸ್ಪಂಜಿನ ಹಳದಿ ಮುಖ ಸವರಿ ಮೆಚ್ಚಿದರು, ತಿರುಗಿಸಿ ಅದರ ಒರಟು ಹಸಿರು ಬೆನ್ನು ಕಂಡು, "ಮುಂದೆ ನಗು, ಹಿಂದೆ ಚೂರಿ!" ಎಂದು ಎಸೆದರು. ಹಳೇ ಟವೆಲ್ಲನ್ನು ಕೆನ್ನೆಗೆ ಒತ್ತಿ ನೋಡಿ ಬೇಡವೆಂದು ತಲೆಯಾಡಿಸಿದರು.

"ನಿಮ್ಮ ಹಳೇ ಬನಿಯನ್?"

"ಅದರ ಹೊಲಿಗೆ ಗಡುಸು."

"ಅದನ್ನ ಹಾಕ್ಕೊಳ್ಳೋ ನಿಮ್ಮ ಚರ್ಮಕ್ಕೇನೂ ಆಗಿಲ್ವಲ್ಲ?"

"ನನ್ನ ಚರ್ಮಕ್ಕೆ ಪಾಲಿಶ್ ಇಲ್ಲ!"

ಕೊನೆಗೆ ಅಂಗಡಿಯಿಂದಲೇ ಲೆನ್ಸ್ ಒರೆಸುವ ಬಟ್ಟೆಗಳ ಒಂದು ಕಟ್ಟು ಬಂತು. ಒಂದೊಂದೂ ಅಂಗೈಯಗಲ, ಬೆಣ್ಣೆಯಷ್ಟು ಮೆದು. ಹೆಂಡತಿ ಎರಡು ಬಕೆಟ್ ತುಂಬಿಟ್ಟಳು. "ಇದು ಸೋಪುನೀರು, ಅದು ಬಟ್ಟೆ ಜಾಲಿಸೋಕೆ. ಮೊದ್ಲು ಪೈಪಲ್ಲಿ ನೀರು ಬಿಡಿ" ಎಂದು ಹೇಳಿ ಒಳಗೆ ಹೋದಳು.

"ಒಂದು ಕಾರಿಗೆ ಎರಡು ಬಕೆಟ್ಟೇ? ಅವಳಿಜವಳಿಗೆ ಸ್ನಾನ ಮಾಡಿಸ್ತಿದ್ದೀವಾ?" ಎಂದು ಗೊಣಗಿ, ಎರಡನೆಯದನ್ನು ಪಕ್ಕಕ್ಕೆ ಸರಿಸಿದರು.

ಎದುರು ಮನೆಯಲ್ಲಿ ವಾರದಿಂದ ನೆಲದ ಕಲ್ಲು ಕೊಯ್ಯುತ್ತಿದ್ದರು. ಕಾರಿನ ತುಂಬ ಬೂದಿಬಣ್ಣದ ಧೂಳು. ನೀರು ಬಿಟ್ಟರೆ ಕೆಸರಾದೀತು. ಇಷ್ಟು ಮೆತ್ತನೆಯ ಬಟ್ಟೆ ಇರುವಾಗ ಧೂಳನ್ನು ಒಣಗಿದ್ದಂತೆಯೇ ತೆಗೆದರಾಯಿತು ಎಂದುಕೊಂಡರು ಒರೆಸಬೇಡಪ್ಪನವರು. ಬಾನೆಟ್ಟಿನ ಮೇಲೆ ಬಟ್ಟೆಯಿಟ್ಟು ಗುಂಡಗೆ ಉಜ್ಜತೊಡಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಆ ದಾರಿಯಲ್ಲಿ ಬಂದರು. ಕಣ್ಣೆದುರು ಧೂಳು ಕವಿದು, ಕನ್ನಡಕ ತೆಗೆದು ಅಂಗಿಯ ಅಂಚು ಎತ್ತಿದರು.

"ಒರೆಸಬೇಡಪ್ಪಾ!" ಬೀದಿ ಬೆಚ್ಚಿಬಿತ್ತು. "ಕಲ್ಲು ಕೊಯ್ದ ಧೂಳು ಮೇಷ್ಟ್ರೇ ಅದು! ಒಣಗಿದ್ದಾಗ ಉಜ್ಜಿದ್ರೆ ಕಥೆ ಮುಗೀತು! ಮೊದಲು ತೊಳೀರಿ!"

ಇಷ್ಟು ಹೇಳುವಷ್ಟು ಹೊತ್ತೂ ಅವರ ಬಲಗೈ ಬಾನೆಟ್ಟಿನ ಮೇಲೆ ತಿರುಗುತ್ತಲೇ ಇತ್ತು. ಮೇಷ್ಟ್ರು ಆ ಕೈ ನೋಡಿದರು, ಮುಖ ನೋಡಿದರು, "ಆಗಲಿ ಸಾರ್" ಎಂದು ಕನ್ನಡಕವನ್ನು ಜೋಪಾನವಾಗಿ ಹಿಡಿದು ಮನೆಗೆ ನಡೆದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಸೋಪು ಹಚ್ಚಿ, ನೀರು ಸುರಿದು, ಒಣಗಿಸಿ ಹಿಂದೆ ಸರಿದು ನಿಂತರು. ಬಿಸಿಲು ನೇರವಾಗಿ ಬಾನೆಟ್ಟಿನ ಮೇಲೆ ಬಿತ್ತು. ಗೀರು! ಗುಂಡಗುಂಡಗೆ, ಜೇಡರಬಲೆಯ ಹಾಗೆ, ಕೈ ತಿರುಗಿದಲ್ಲೆಲ್ಲ ಗೀರು! ಓಡಿಹೋಗಿ ಟೂತ್‌ಪೇಸ್ಟ್ ತಂದು ತಿಕ್ಕಿದರು. ಇದ್ದ ಹೊಳಪೂ ಹೋಗಿ ಮಂಕಾದ ಪಟ್ಟೆಯೊಂದು ಮೂಡಿತು. ಬೇರೆ ದಾರಿ ಕಾಣದೆ ಒಳಗಿಂದ ಬೆಡ್‌ಶೀಟ್ ತಂದು ಕಾರಿಗೆ ಹೊದಿಸಿದರು.

"ಏನ್ರೀ, ಕಾರಿಗೆ ಜ್ವರ ಬಂತಾ?" ಎನ್ನುತ್ತ ಹೆಂಡತಿ ಹೊರಗೆ ಬಂದಳು. ಬೆಡ್‌ಶೀಟ್ ಎಳೆದು, ರೂಢಿಯಂತೆ ಬಗ್ಗಿದಳು. ಕೂದಲಿಗೆ ಹೋದ ಕೈ ಅಲ್ಲೇ ನಿಂತಿತು.

"ರೀ... ನನ್ನ ಮುಖಕ್ಕೆ ಇಷ್ಟೊಂದು ಸುಕ್ಕು ಯಾವಾಗ ಬಂತು?"

ನಿಜವಾಗಿಯೂ ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಬೆರಳಿನಿಂದ ಬಾನೆಟ್ಟು ಮುಟ್ಟಿದಳು. ಅರ್ಥವಾಯಿತು. ಅವಳ ಬೆಳಗಿನ ಆ ನಗುವನ್ನೇ ತಾನು ತಿಕ್ಕಿ ಅಳಿಸಿಹಾಕಿದೆ ಅನ್ನಿಸಿತು ಒರೆಸಬೇಡಪ್ಪನವರಿಗೆ.

"ತಪ್ಪಾಯ್ತು ಕಣೇ. ಬಟ್ಟೆ ಮೆತ್ತಗಿದೆಯಾ ಅಂತ ನೋಡಿದೆ. ಧೂಳು ನೋಡಲಿಲ್ಲ."

ಕಣ್ಣು ತುಂಬಿ ಕನ್ನಡಕ ಮಸುಕಾಯಿತು. ಅದನ್ನು ತೆಗೆದರು. ಕಲ್ಲಿನ ಧೂಳು ಮೆತ್ತಿದ ಅಂಗಿಯ ಅಂಚಿಗೆ ಕೈ ತಾನಾಗಿ ಹೋಯಿತು.

"ಒರೆಸ್ಬೇಡಪ್ಪಾ!"

ಕೂಗಿದವಳು ಹೆಂಡತಿ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಬಾಯಿ ಕೊನೆಗೂ ಜಾರಿತ್ತು. ಅವರು ಮುಟ್ಟದೆ ಬಿಟ್ಟಿದ್ದ ಎರಡನೇ ಬಕೆಟ್ಟನ್ನು ಕಾಲಿನಿಂದ ಅವರತ್ತ ತಳ್ಳಿ ಹೇಳಿದಳು:

"ಮೊದ್ಲು ತೊಳಿ."