ನವಿಲು ಹೋಟೆಲಿನ ಉಡಿ

ಫಟ್. ಇಸ್ತ್ರಿ ಮಾಡಿದ ಬಟ್ಟೆಯನ್ನು ಗಾಳಿಯಲ್ಲಿ ಒಮ್ಮೆ ಕೊಡವಿದರೆ ಆಗುವ ಸದ್ದು. ನಲವತ್ತು ವರ್ಷದ ಮೇಲಾದರೂ ಆ ಸದ್ದು ಕಿವಿಗೆ ಬಿದ್ದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೈ ಮಾತ್ರ ಬಾಯಿ ಒರೆಸಿಕೊಳ್ಳಲು ಹೊರಟು ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ಬೆನ್ನು ನೆಟ್ಟಗಾಗುವುದು ಹುಬ್ಬಳ್ಳಿಯ ಕಾನ್ವೆಂಟಿನ ಸಿಸ್ಟರ್‌ಗಳ ಕೃಪೆ. ಕೈ ನಿಲ್ಲುವುದು ನನ್ನ ಅತ್ತೆಯ ಕೃಪೆ.

ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಇಳಕಲ್ಲಿನ ಸಂಸಾರಕ್ಕೆ ಉಪಯೋಗವಾದದ್ದು ತೀರ ಕಡಿಮೆ. ಫೋರ್ಕನ್ನು ಎಡಗೈಯಲ್ಲಿ ಹಿಡಿಯುವುದು, ಸೂಪನ್ನು ಸದ್ದಿಲ್ಲದೆ ಕುಡಿಯುವುದು, ನ್ಯಾಪ್‌ಕಿನ್ನಿನ ತುದಿಯನ್ನು ತುಟಿಗೆ ಮುಟ್ಟಿಯೂ ಮುಟ್ಟದ ಹಾಗೆ ಒತ್ತುವುದು, ಈ ಟೇಬಲ್ ಮ್ಯಾನರ್ಸ್ ಎಲ್ಲ ಹೊತ್ತುಕೊಂಡು ನಾನು ಮದುವೆಯಾಗಿ ಬಂದದ್ದು ರೊಟ್ಟಿಯನ್ನು ಕೈಯಲ್ಲಿ ಮುರಿದು ಉಣ್ಣುವ ಮನೆಗೆ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಏ ಕಾನ್ವೆಂಟ್, ಹಾಲು ಉಕ್ಕಾಕತ್ತೈತಿ ನೋಡು" ಎನ್ನುತ್ತಿದ್ದರು. ನಾನು ಇಂಗ್ಲಿಷ್ ಕಾದಂಬರಿಯಿಂದ ತಲೆ ಎತ್ತುವಷ್ಟರಲ್ಲಿ ಹಾಲು ಉಕ್ಕಿ, ಒಲೆಯನ್ನೂ ಆರಿಸಿರುತ್ತಿತ್ತು.

ಹೀಗಿರುವಾಗ ಎಂಬತ್ತರ ಆರಂಭದಲ್ಲಿ ಔಷಧಿ ಕಂಪನಿಯೊಂದು, ಸರಕಾರಿ ದವಾಖಾನೆಯ ಡಾಕ್ಟರಾಗಿದ್ದ ನನ್ನ ಯಜಮಾನರನ್ನು ಮನೆಮಂದಿ ಸಮೇತ ಮೂರು ದಿನ ಮುಂಬೈಗೆ ಕರೆಯಿತು. ಮಾವನವರು ಅಂಗಡಿ ಬಿಟ್ಟು ಬರಲೊಲ್ಲೆ ಎಂದರು. ಅತ್ತೆ ಸಮುದ್ರ ನೋಡಲು ಹೊರಟರು. ನಾನು ನನ್ನ ವಿದ್ಯೆಗೆ ಕೊನೆಗೂ ಒಂದು ಟೇಬಲ್ಲು ಸಿಕ್ಕಿತೆಂದು ಹೊರಟೆ.

ಆ ಹೋಟೆಲಿನ ಹೆಸರು ಮರೆತಿದ್ದೇನೆ. ನಮ್ಮ ಮನೆಯಲ್ಲಿ ಅದು ಇವತ್ತಿಗೂ ನವಿಲು ಹೋಟೆಲು. ಲಿಫ್ಟಿನ ಬಾಗಿಲಿಗೆ ಹಿತ್ತಾಳೆಯ ನವಿಲು, ಗೋಡೆಗೆ ಗುಲಾಬಿ ಬಣ್ಣ, ಕುರ್ಚಿಗಳು ಬಿಚ್ಚಿದ ಅಂಗೈಯ ಆಕಾರ. ರೂಮಿನ ಛತ್ತಿನ ತುಂಬ ಕನ್ನಡಿ. "ಮಲಗಿದ್ರ ನನ್ನ ನಾನ ಕಾಯ್ಕೊಂತ ಮಲಗಿದಂಗ ಆಗ್ತೈತಿ" ಎಂದರು ಅತ್ತೆ. ಸ್ನಾನದ ತೊಟ್ಟಿ ನಾಲ್ಕು ಸಿಂಹದ ಕಾಲುಗಳ ಮೇಲೆ ನಿಂತಿತ್ತು, ಸುತ್ತ ಬರೀ ಗಾಜಿನ ಗೋಡೆ. "ಇದರಾಗ ಜಳಕಾ ಮಾಡೂದೋ, ಸವಾರಿ ಹೋಗೂದೋ?" ಎಂದು ಕೇಳಿದರೂ, ಗಾಜಿನ ಮೇಲೆ ನನ್ನ ಎರಡು ಸೀರೆ ಇಳಿಬಿಟ್ಟು ಒಂದು ತಾಸು ಸುಖವಾಗಿ ನೀರು ಹಾಕಿಕೊಂಡರು.

ಮೊದಲ ದಿನದ ಊಟಕ್ಕೆ ಕುಳಿತೆವು. ನರೆತ ಮೀಸೆಯ, ಬಿಳಿ ಕೈಗವಸಿನ ಸ್ಟ್ಯೂವರ್ಡ್ ಒಬ್ಬರು ಅತ್ತೆಯ ಹಿಂದೆ ಬಂದು ನಿಂತರು. ಫಟ್. ಬಟ್ಟೆ ಬಿಚ್ಚಿಕೊಂಡಿತು, ಅತ್ತೆಯ ತೊಡೆಯ ಮೇಲೆ ಹಾಸಿಕೊಂಡಿತು.

ಅದು ಗುಳೇದಗುಡ್ಡದ ಖಣ. ಹಸಿರು ಮೈ, ಕೆಂಪು ದಡಿ, ಮೂಲೆಯಲ್ಲಿ ಹೋಟೆಲಿನ ಪುಟ್ಟ ಜರಿ ನವಿಲು. ಹೋಟೆಲಿನ ಡಿಸೈನರ್ ಎಲ್ಲೋ ನಮ್ಮ ಕಡೆ ತಿರುಗಾಡಿ, ಕುಪ್ಪಸದ ಬಟ್ಟೆಯನ್ನು ಮೆಚ್ಚಿ, ನ್ಯಾಪ್‌ಕಿನ್ ಮಾಡಿಸಿಬಿಟ್ಟಿದ್ದ. ಬಾಗಲಕೋಟೆ ಸೀಮೆಯಲ್ಲಿ ಮುತ್ತೈದೆಯ ತೊಡೆಯ ಮೇಲೆ ಖಣ ಬಿತ್ತೆಂದರೆ ಒಂದೇ ಅರ್ಥ, ಉಡಿ ತುಂಬಿದರು. ಅದೂ ಅತ್ತೆಯ ತವರು ಗುಳೇದಗುಡ್ಡ. ಅಣ್ಣ ತೀರಿಕೊಂಡು, ಮಗ್ಗಗಳು ಮಾರಿಹೋಗಿ, ಅವರಿಗೆ ತವರಿನ ಉಡಿ ಬಿದ್ದು ಏಳೆಂಟು ವರ್ಷವಾಗಿತ್ತು. ಆ ಊರಿನ ಹೆಸರನ್ನೇ ಅವರು ಎತ್ತುತ್ತಿರಲಿಲ್ಲ.

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಖಣವನ್ನು ಕಣ್ಣಿಗೊತ್ತಿಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಸೂಪು ಒಲ್ಲೆನೆಂದ ಅವರಿಗೆ ಅನ್ನ ಬಂದಾಗ ಐದು ಅಗುಳು ತೆಗೆದು ಟೇಬಲ್ಲಿನ ಮೇಲಿಟ್ಟರು. ಉಡಿ ತುಂಬಿಸಿಕೊಂಡವರು ಐದು ಕಾಳು ಹಿಂದಕ್ಕೆ ಹಾಕಿದರೆ ಕೊಟ್ಟವರ ಮನೆ ಬರಿದಾಗುವುದಿಲ್ಲವಂತೆ. "ನಮ್ಮಣ್ಣ ಇದ ಹಸರು ನೇಯ್ತಿದ್ದ" ಎಂದು ನನ್ನ ಕಡೆ ತಿರುಗಿದರು. ನಾನಾಗ ಪರಮ ಲೇಡಿಲೈಕ್ ಆಗಿ, ಟೊಮ್ಯಾಟೊ ಸೂಪಿನ ತುಟಿಗೆ ನನ್ನ ಖಣವನ್ನು ಒತ್ತಿಕೊಳ್ಳುತ್ತಿದ್ದೆ.

"ಉಡಿ ತುಂಬಿದ ಖಣದಾಗ ಬಾಯಿ ಒರಸ್ತೀಯೇನ?"

ಯಜಮಾನರು ಸೂಪಿನಲ್ಲಿ ಏನನ್ನೋ ಹುಡುಕತೊಡಗಿದರು. ಅತ್ತೆಗೆ ಹೇಳಬಹುದಿತ್ತು, ಇದು ಬಾಯಿ ಒರೆಸುವ ಬಟ್ಟೆಯೇ ಎಂದು. ಹದಿನೈದು ವರ್ಷದ ಉಕ್ಕಿದ ಹಾಲಿಗೆಲ್ಲ ಒಂದೇ ಮಾತಿನಲ್ಲಿ ಉತ್ತರವಾಗುತ್ತಿತ್ತು. ಬಾಯಿ ತೆರೆದೆ. ಅತ್ತೆಯ ಕೈ ಸೊಂಟದ ಖಣ ಜಾರೀತೆಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿತ್ತು. "ಮರ್ತೆನ್ರಿ ಅತ್ತಿ" ಎಂದೆ.

ಆಮೇಲೆ ಊಟಕ್ಕೊಂದು ಖಣ. ಅರಿಸಿನ, ನೇರಳೆ, ಕುಂಕುಮ. "ಗಂಡಸರ ಕೈಲೆ ಉಡಿ ತುಂಬಸ್ತಾರ, ಅದೊಂದ ತಪ್ಪು. ಕೈ ಮಾತ್ರ ಭಾಳ ಧಾರಾಳ ಐತಿ" ಎಂದು ಅತ್ತೆ ಟ್ರಂಕಿಗೆ ಸೇರಿಸುತ್ತ ಹೋದರು. ಸ್ಟ್ಯೂವರ್ಡ್ ಪ್ರತಿಸಲ ಆ ಐದು ಅಗುಳನ್ನು ಬೆಳ್ಳಿ ಹಿಡಿಯ ಬ್ರಷ್ಷಿನಿಂದ ಗುಡಿಸುವರು, ಅತ್ತೆ ಮುಂದಿನ ಊಟಕ್ಕೆ ಮತ್ತೆ ಐದು ಇಡುವರು. ಎರಡನೆಯ ದಿನದಿಂದ ನಾನೂ ನನ್ನ ಖಣವನ್ನು ಅತ್ತೆಗೆ ಒಪ್ಪಿಸಿ, ಜನ್ಮದಲ್ಲೊಮ್ಮೆ ಸಿಕ್ಕ ಫೈವ್ ಸ್ಟಾರ್ ಊಟಗಳನ್ನು ಕರ್ಚೀಫಿನಲ್ಲಿ ಕದ್ದು ಬಾಯಿ ಒರೆಸಿಕೊಂಡು ಮುಗಿಸಿದೆ.

ಹೊರಡುವ ಬೆಳಿಗ್ಗೆ ಸ್ಟ್ಯೂವರ್ಡ್ ನೇರ ನನ್ನ ಬಳಿಗೇ ಬಂದರು. ಖಣಗಳ ಲೆಕ್ಕ ಕೇಳಲು ಬಂದರೆಂದುಕೊಂಡೆ. ಅವರು ಬಾಯಿ ಬಿಡುವ ಮೊದಲೇ ನಾನು ಸಿಸ್ಟರ್‌ಗಳು ಹೆಮ್ಮೆಪಡುವಂಥ ಇಂಗ್ಲಿಷಿನಲ್ಲಿ, ನಮ್ಮ ಅತ್ತೆ ಟೆಕ್ಸ್‌ಟೈಲ್ ಎಕ್ಸ್‌ಪರ್ಟ್, ಸ್ಯಾಂಪಲ್ ಕಲೆಕ್ಟ್ ಮಾಡುತ್ತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಅಚ್ಚ ಕನ್ನಡದಲ್ಲಿ ಹೇಳಿದರು:

"ಅಮ್ಮಾ, ನಾನು ಉಡುಪಿ ಕಡೆಯವನು. ಮೊದಲನೆಯ ದಿನವೇ ನನಗೆ ಗೊತ್ತಾಯಿತು. ನಮ್ಮಲ್ಲಿಯೂ ಮಡಿಲು ತುಂಬುತ್ತಾರೆ. ತೆಂಗಿನಕಾಯಿ ಇಡಲಿಲ್ಲವಲ್ಲ ಎಂದು ಹೇಳಲು ಬಂದೆ."

ನನ್ನ ಇಂಗ್ಲಿಷು ಮತ್ತೆ ಯಾವತ್ತೂ ಅಷ್ಟು ಎತ್ತರಕ್ಕೆ ಏರಲಿಲ್ಲ. ಅವರು ಅಡಿಗೆಮನೆಯಿಂದ ಕಾಯಿ, ಅಕ್ಕಿ ತರಿಸಿ, ಬಟ್ಟೆ ಮಡಚುವ ಹೆಂಗಸೊಬ್ಬಳನ್ನು ಕರೆದು ಅವಳ ಕೈಯಿಂದ ಉಡಿ ತುಂಬಿಸಿದರು. "ಈಗ ಸರಿ ಆತು ನೋಡ್ರಿ" ಎಂದರು ಅತ್ತೆ. "ಇಳಕಲ್ಲಿಗೆ ಬಂದ್ರ ಮನಿಗೆ ಬರ್ರಿ, ಬಿಸಿ ರೊಟ್ಟಿ ಹಾಕ್ತೇನಿ."

ಊರಿಗೆ ಬಂದಮೇಲೆ ಅತ್ತೆ ಹಳದಿಯದೊಂದನ್ನು ತಮಗೆ ಕುಪ್ಪಸ ಹೊಲಿಸಿಕೊಂಡರು, ಖಣಗಳ ಬಹುಪಾಲು ಓಣಿಗೆ ಹಂಚಿಹೋಯಿತು. ತೋಳಿಗೊಂದು ನವಿಲು, ಬೆನ್ನಿಗೊಂದು ನವಿಲು. ಮದುವೆಯ ಪಂಕ್ತಿಯಲ್ಲಿ ನಮ್ಮ ಓಣಿಯ ಹೆಂಗಸರು ಕುಳಿತರೆಂದರೆ ನನಗೆ ಸೂಪು ನೆನಪಾಗಿ ಊಟ ಸೇರುತ್ತಿರಲಿಲ್ಲ.

ಕೆಲವು ವರ್ಷಕ್ಕೆ ಯಜಮಾನರಿಗೆ ಬಾಗಲಕೋಟೆಗೆ ಟ್ರಾನ್ಸ್‌ಫರ್ ಆಯಿತು. ಮೈದುನನ ಮಕ್ಕಳಿಂದ ಗಿಜಿಗುಡುತ್ತಿದ್ದ ಮನೆಯನ್ನು ಬಿಟ್ಟು ಅತ್ತೆ ಬರುವಂತಿರಲಿಲ್ಲ. ಹೊರಡುವ ದಿನ ಹೊಸ್ತಿಲೊಳಗೆ ನಿಲ್ಲಿಸಿ ನನ್ನ ಉಡಿ ತುಂಬಿದರು. ಅಕ್ಕಿ, ಕಾಯಿ, ಮೇಲೆ ಆ ಮೊದಲನೆಯ ಹಸಿರು ಖಣ. ಅದೊಂದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ, ಹೊಲಿಸಿಯೂ ಇರಲಿಲ್ಲ.

"ಇದರಾಗ ಬಾಯಿ ಒರಸ್ಬ್ಯಾಡ ಮತ್ತ" ಎಂದರು. "ಅದು ಬಾಯಿ ಒರಸೂ ಅರಿವಿ ಅಂತ ಮರುದಿನಾನ ನನಗ ತಿಳೀತು. ಆಜೂಬಾಜೂ ಮಂದೀನ್ನ ನೋಡಿದ್ನಲ್ಲಾ."

"ಮತ್ತ್ಯಾಕ ಹೇಳಲಿಲ್ರೀ ಅತ್ತಿ?"

"ನೀ ಯಾಕ ಹೇಳಲಿಲ್ಲ?"

ಐದು ಕಾಳು ಹಿಂದಕ್ಕೆ ಹಾಕಿ ಹೊರಟೆ. ಬಸ್ಸು ಹುನಗುಂದದ ದಾರಿಗೆ ಹೊರಳುವಾಗ ಅತ್ತೆ ಓಣಿಯ ಬಾಯಲ್ಲಿ ನಿಂತಿದ್ದರು, ಹಳದಿ ಕುಪ್ಪಸದ ತೋಳಿನ ನವಿಲು ಬಿಸಿಲಿಗೆ ಮಿಣುಕುತ್ತಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ, ಆ ಮಳೆಗಾಲ ಅವರು ದಾಟಲಿಲ್ಲ. ಕರ್ಚೀಫು ಬಸ್ಸಿನ ಮೇಲಿನ ಟ್ರಂಕಿನಲ್ಲಿತ್ತು. ಕೈಗೆ ಸಿಕ್ಕಿದ್ದು ಉಡಿಯ ಖಣವೊಂದೇ. ಬಾಯಿ ಒರೆಸಬೇಡ ಎಂದಿದ್ದರು, ಕಣ್ಣಿನ ಮಾತು ಎತ್ತಿರಲಿಲ್ಲ.