ಎಪ್ಪತ್ತಮೂರು ಹಾಡಿನ ಜಿಪ್ಪು

ಜಿಪ್ ಫೈಲ್ ಎಂಬ ಹೆಸರನ್ನು ಗಂಗಾಲಕ್ಷ್ಮಮ್ಮ ಮೊಟ್ಟಮೊದಲು ಕೇಳಿದ್ದು ಒಂದು ಶುಕ್ರವಾರ, ಉದ್ದಿನಬೇಳೆ ತೊಳೆಯುತ್ತಿದ್ದಾಗ. ಹೇಳಿದವಳು ಬಾಳಗಡಿ ಕಾಲೇಜಿಗೆ ಹೋಗುವ ಮೊಮ್ಮಗಳು ಗಗನಾ.

"ಅಜ್ಜಿ, ನಿನ್ನ ಎಪ್ಪತ್ತಮೂರು ಹಾಡನ್ನೂ ಸೇರಿಸಿ ಜಿಪ್ ಮಾಡ್ತೇನೆ."

"ಮಾಡು. ಅದಕ್ಕೆ ಮೊದ್ಲು ಎಂತ ಅಂತ ಹೇಳು."

"ಎಲ್ಲಾನೂ ಒತ್ತಿ ಒಂದೇ ಗಂಟು ಕಟ್ಟೋದು ಅಷ್ಟೆ."

ಬೇಳೆ ನೀರಿನಲ್ಲೇ ಉಳಿಯಿತು. ಗಂಗಾಲಕ್ಷ್ಮಮ್ಮನಿಗೆ ತಿಳಿದಂತೆ ಲೋಕದಲ್ಲಿ ಒತ್ತುವುದು ಎರಡೇ ಬಗೆ. ಶಾವಿಗೆ ಒತ್ತುವುದು ಒಂದು, ಭರಣಿಯಲ್ಲಿ ಮಾವಿನ ಮಿಡಿ ಒತ್ತುವುದು ಇನ್ನೊಂದು. ಶಾವಿಗೆಯಾದದ್ದು ಮತ್ತೆ ಮುದ್ದೆಯಾಗುವುದಿಲ್ಲ. ಭರಣಿಗೆ ಬಿದ್ದ ಮಿಡಿ ಮುರುಟದೆ ಇರುವುದಿಲ್ಲ. ಇವೆರಡರಲ್ಲಿ ತನ್ನ ಹಾಡಿಗೆ ಯಾವ ಗತಿ?

ಹೆದರಿಕೆಗೆ ಕಾರಣವಿತ್ತು. ಗಂಗಾಲಕ್ಷ್ಮಮ್ಮ ಓದಿದ್ದು ಮೂರನೇ ಕ್ಲಾಸು. ಆದರೆ ಹಸೆಗೆ ಕರೆಯುವ ಹಾಡು, ಎಣ್ಣೆ ಅರಿಶಿನದ ಹಾಡು, ಬೀಗರನ್ನು ಹಂಗಿಸುವ ಹಾಡು, ಎಲ್ಲವೂ ಒಂದಕ್ಷರ ತಪ್ಪದೆ ಬಾಯಲ್ಲಿದ್ದವು. ಮೆಣಸೆ ಸುತ್ತಿನ ಮದುವೆಗಳಲ್ಲಿ ಆರತಿ ಎತ್ತುವ ಕೈ ಯಾವ ಮುತ್ತೈದೆಯದಾದರೂ ಇರಲಿ, ಹಾಡುವ ಬಾಯಿ ಗಂಗಾಲಕ್ಷ್ಮಮ್ಮನದು. ಆದರೆ ಹೋದ ವರ್ಷ ನರಸಿಂಹರಾಜಪುರದ ಮದುವೆಯೊಂದರಲ್ಲಿ ಆರತಿ ಹಾಡಿನ ಎರಡನೇ ನುಡಿಗೇ ಕೆಮ್ಮು ಬಂತು. ಆ ಕೆಮ್ಮಿನ ಸಂದಿಯಲ್ಲಿ ನುಗ್ಗಿ ಹಾಡು ಮುಗಿಸಿ, ಎಲ್ಲರಿಂದ ಭೇಷ್ ಅನ್ನಿಸಿಕೊಂಡವಳು ಪಕ್ಕದ ಮನೆ ರಾಧಮ್ಮ! (ಅದೂ ನಲವತ್ತು ವರ್ಷ ಬೇಲಿಯಾಚೆ ನಿಂತು ಕದ್ದು ಕಲಿತ ಹಾಡು. ಇದು ಗಂಗಾಲಕ್ಷ್ಮಮ್ಮನ ವಾದ. ರಾಧಮ್ಮನ ವಾದ ಬೇರೆ ಇದೆ, ಅದು ಇಲ್ಲಿ ಬೇಡ.)

ಡಾಕ್ಟರು ಇನ್ನು ಗಂಟಲಿಗೆ ತ್ರಾಸ ಕೊಡಬೇಡಿ ಎಂದರು. ಈ ಸಲ ಅಣ್ಣನ ಮೊಮ್ಮಗಳ ಮದುವೆ ಕೊಪ್ಪದಲ್ಲಿ. ಅದಕ್ಕೇ ಎರಡು ತಿಂಗಳಿನಿಂದ ಗಂಗಾಲಕ್ಷ್ಮಮ್ಮ ಕಷಾಯ ಕುಡಿಕುಡಿದು ದಿನಕ್ಕೊಂದೆರಡರಂತೆ ಗಗನಾಳ ಫೋನಿಗೆ ಹಾಡಿದ್ದರು. ಮದುವೆ ದಿನ ಮೈಕಿನಲ್ಲಿ ಅದೇ ಬರಬೇಕು. ಬಾರದಿದ್ದರೆ ಹಾಡುವವಳು ರಾಧಮ್ಮ.

"ಅಜ್ಜಿ, ಆಯ್ತು ನೋಡು. ಎಂಟುನೂರಾ ಹನ್ನೆರಡು ಎಂಬಿ ಇದ್ದದ್ದು ಏಳುನೂರಾ ತೊಂಬತ್ತೆಂಟು ಆಯ್ತು."

"ಇಷ್ಟು ಒತ್ತಿ ಇಷ್ಟೇನಾ ಕಮ್ಮಿ ಆದದ್ದು?"

"ಹಾಡಿನ ಫೈಲು ಮೊದ್ಲೇ ಒತ್ತಾಗೇ ಇರ್ತದೆ ಅಜ್ಜಿ. ಹೆಚ್ಚು ಕಮ್ಮಿ ಆಗೋದಿಲ್ಲ."

ಇದೊಂದು ಮಾತು ಗಂಗಾಲಕ್ಷ್ಮಮ್ಮನಿಗೆ ಚೆನ್ನಾಗಿ ಅರ್ಥವಾಯಿತು. "ಹಾಗೆ ಹೇಳು. ನನ್ನ ಹಾಡಲ್ಲಿ ತೌಡಿಲ್ಲ!" ಆ ವಾರ ಹಾಲು ತರುವವನಿಗೂ ಈ ಸಮಾಚಾರ ಮುಟ್ಟಿತು.

ಆದರೆ ಇನ್ನೊಂದು ಗೊಂದಲ ಉಳಿದಿತ್ತು. ಆ ಗಂಟು, ಮದುವೆಗೆ ಮೈಕ್ ಹಾಕುವ ಸುಲೈಮಾನ್ ಸಾಬರ ಫೋನಿಗೆ ಹೋಗಬೇಕಂತೆ. ಹೋದ ಮೇಲೂ ಇಲ್ಲೇ ಇರುತ್ತದಂತೆ. ಕೊಟ್ಟದ್ದು ಕೊಟ್ಟವರಲ್ಲೇ ಉಳಿಯುವುದಾದರೆ, ದಾರಿಯಲ್ಲಿ ರಾಧಮ್ಮನ ಫೋನಿನಲ್ಲೂ ಒಂದು ಉಳಿಯುವುದಿಲ್ಲವೆಂದು ಏನು ಖಾತ್ರಿ?

"ಹಾಗಾದ್ರೆ ಪಾಸ್‌ವರ್ಡ್ ಇಡುವಾ," ಎಂದಳು ಗಗನಾ. "ನೀನು ಯಾವತ್ತೂ ಯಾರ ಹತ್ರನೂ ಬಾಯಿಬಿಟ್ಟು ಹೇಳಿರಬಾರ್ದು, ಮರೆತೂ ಹೋಗಬಾರ್ದು. ಅಂಥದ್ದೊಂದು ಶಬ್ದ ಹೇಳು."

ಗಂಗಾಲಕ್ಷ್ಮಮ್ಮ ಯೋಚಿಸಲೇ ಇಲ್ಲ. ಬಾಯಿಬಿಟ್ಟು ಹೇಳದ ಶಬ್ದ ಅವರ ಬದುಕಿನಲ್ಲಿ ಇದ್ದದ್ದೇ ಒಂದು: ಯಜಮಾನರ ಹೆಸರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಹೇಳಿರಲಿಲ್ಲ, ಅವರು ತೀರಿಕೊಂಡ ಮೇಲಿನ ಹನ್ನೊಂದು ವರ್ಷದಲ್ಲೂ ಹೇಳಿರಲಿಲ್ಲ. ವೋಟು ಹಾಕುವಲ್ಲಿ ಕೇಳಿದರೂ ಕಾರ್ಡಿನ ಕಡೆ ಬೆರಳು ತೋರಿಸಿದವರು.

"ಅಜ್ಜನ ಹೆಸರು ಇಡು."

"ನಾನಲ್ಲ, ನೀನೇ ಒತ್ತು. ನಾನು ಅತ್ಲಾಗೆ ತಿರುಗಿ ಕೂತ್ಕೊಳ್ತೇನೆ."

ಬಾಯಲ್ಲಿ ಹೇಳಿದರೆ ದೋಷ, ಬರೆದರೆ ಇಲ್ಲ. ಗಂಗಾಲಕ್ಷ್ಮಮ್ಮ ಕನ್ನಡಕ ಏರಿಸಿ, ಯಜಮಾನರನ್ನು ಒಮ್ಮೆ ಮನಸ್ಸಿನಲ್ಲಿ ಕರೆದು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಫೋನು ಎರಡನೇ ಸಲವೂ ಕೇಳಿತು. (ಯಂತ್ರಕ್ಕೂ ಕಿವಿ ಮಂದ!) ಎರಡನೇ ಸಲವೂ ಒತ್ತಿದರು. ಗಗನಾ ಗಂಟನ್ನು ಸಾಬರಿಗೆ ಕಳಿಸಿ, ಜಾಗ ಸಾಲದೆಂದು ಬಿಡಿ ಹಾಡುಗಳನ್ನೆಲ್ಲ ಅಳಿಸಿಬಿಟ್ಟಳು.

ಮದುವೆಯ ದಿನ ಗಗನಾಳಿಗೆ ಪರೀಕ್ಷೆ. ಮಧ್ಯಾಹ್ನ ಒಂದು ಗಂಟೆಯವರೆಗೆ ಅವಳ ಫೋನು ಬಂದ್. ಮುಹೂರ್ತ ಹನ್ನೊಂದೂ ಹತ್ತಕ್ಕೆ. ಹತ್ತೂಮುಕ್ಕಾಲಿಗೆ ಮೈಕ್ ಸೆಟ್ಟಿನ ಮೇಜಿನಿಂದ ಸುಲೈಮಾನ್ ಸಾಬರು ಕೈಬೀಸಿ ಕರೆದರು.

"ಅಮ್ಮ, ನಿಮ್ಮ ಹಾಡು ಬಂದದೆ. ಆದ್ರೆ ಪಾಸ್‌ವರ್ಡ್ ಕೇಳ್ತದೆ."

ಗಂಗಾಲಕ್ಷ್ಮಮ್ಮನಿಗೆ ಆಗ ಹೊಳೆಯಿತು: ಬೀಗ ಹಾಕುವಾಗ ಹೇಳಬೇಕಿರಲಿಲ್ಲ, ತೆಗೆಯುವಾಗ ಹೇಳಬೇಕು! ತಾವೇ ಒತ್ತೋಣವೆಂದರೆ ಕನ್ನಡಕ ವಧುವಿನ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ಮಂಟಪದ ಮೇಲೆ ನಿಂತ ಅತ್ತಿಗೆಯ ಸೊಂಟದಲ್ಲಿ. ಹೆಸರು ಗೊತ್ತಿದ್ದ ನೆಂಟರೆಲ್ಲ ಅಲ್ಲೇ ಅಕ್ಷತೆ ಹಿಡಿದು ನಿಂತಿದ್ದರು. ಕೆಳಗೆ ಗೊತ್ತಿದ್ದವಳು ಒಬ್ಬಳೇ, ಮುಂದಿನ ಸಾಲಿನಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ ರಾಧಮ್ಮ. ಅವಳನ್ನು ಕೇಳುವುದುಂಟೆ?

"ತಿರುಪತಿಲಿ ಇರೋ ದೇವ್ರು ಸಾಬ್ರೇ. ಕೊನೆಗೆ ಒಂದು ಅಯ್ಯ."

"ತಿರುಪತಯ್ಯ?"

"ಅಲ್ಲಪ್ಪ."

"ತಿಮ್ಮಯ್ಯ? ಬಾಲಾಜಯ್ಯ?"

"ಅಯ್ಯೋ, ಅಂಥ ಹೆಸರು ಉಂಟಾ ಎಲ್ಲಾದ್ರೂ?"

ಸಾಬರಿಗೆ ಈಗ ವಿಷಯ ತಿಳಿಯಿತು. "ಯಜಮಾನ್ರ ಹೆಸರಾ? ನಮ್ಮ ಮನೇಲೂ ಹೀಗೇ ಅಮ್ಮ. ಮೂವತ್ತು ವರ್ಷ ಆಯ್ತು, ಬೀಬಿ ಜಾನ್ ನನ್ನನ್ನ ಶಾದಾಬನ ಅಪ್ಪ ಅಂತ್ಲೇ ಕರೆಯೋದು. ಆದ್ರೆ ಈಗ ಗಂಟೆ ಹನ್ನೊಂದಾಯ್ತು. ಮೆಲ್ಲಕ್ಕೆ ನನ್ನ ಕಿವೀಲಿ ಹೇಳಿಬಿಡಿ."

ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಗಂಗಾಲಕ್ಷ್ಮಮ್ಮ ಕಣ್ಣುಮುಚ್ಚಿ, ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡು, ಡೋಲಿನ ಸದ್ದಿಗೆ ಸಾಲುವಷ್ಟು ದನಿ ಎತ್ತಿದರು. ಅದೇ ಕ್ಷಣಕ್ಕೆ ಡೋಲು ನಿಂತಿತು. ಮೇಜಿನ ಮೇಲಿನ ಮೈಕು ಆನ್ ಇತ್ತು.

"ವೆಂಕಟಯ್ಯಾ!"

ಇಡೀ ಛತ್ರ ಮೊಳಗಿತು. ಪುರೋಹಿತರು ಮಂತ್ರದ ನಡುವೆ ತಲೆಯೆತ್ತಿದರು. ಅಡುಗೆಮನೆಯಿಂದ ಬಡಿಸುವ ವೆಂಕಟಯ್ಯನೊಬ್ಬ ಸೌಟು ಹಿಡಿದೇ ಓಡಿ ಬಂದ. "ಯಾರು ಕರ್ದದ್ದು? ಪಾಯಸ ಇನ್ನೂ ಕುದಿಬೇಕು ಮಾರಾಯ್ರೆ!"

ಗಂಗಾಲಕ್ಷ್ಮಮ್ಮ ಕೆನ್ನೆ ಬಡಿದುಕೊಳ್ಳುತ್ತ ನಿಂತರು. ಆಗಲಿ, ಐವತ್ತೊಂಬತ್ತು ವರ್ಷದ ವ್ರತ ಹೋದರೆ ಹೋಗಲಿ, ಹಾಡಾದರೂ ಬರುತ್ತದಲ್ಲ.

"ತಪ್ಪು ಅಂತದೆ ಅಮ್ಮ," ಎಂದರು ಸಾಬರು.

ಅಯ್ಯ ತೆಗೆದು ನೋಡಿದರು, ಇಟ್ಟು ನೋಡಿದರು. ಫೋನು ಒಪ್ಪಲಿಲ್ಲ. ಮಂಟಪದಲ್ಲಿ ಆರತಿ ತಟ್ಟೆಗೆ ದೀಪ ಹಚ್ಚಿಯಾಗಿತ್ತು. ಹೆಂಗಸರೆಲ್ಲ ಕೆಳಗೆ ನೋಡುತ್ತಿದ್ದರು. ರಾಧಮ್ಮ ಎದ್ದಳು. ಇನ್ನೇನು, ಹಾಡಿಯೇ ಬಿಟ್ಟಳು ಎಂದುಕೊಳ್ಳುವಷ್ಟರಲ್ಲಿ ಅವಳು ಮಂಟಪದ ಕಡೆ ಹೋಗದೆ ನೇರ ಮೇಜಿನ ಹತ್ತಿರ ಬಂದಳು.

"ಎಂತ ಆಯ್ತೆ ಗಂಗಾ? ಇದ್ದಾಗ ಹೆಸರು ಹಿಡಿದು ಕರೀದವಳು ಈಗ ಮೈಕಿನಲ್ಲಿ ಕರೀತೀಯಲ್ಲ?"

ಸಾಬರೇ ಎಲ್ಲ ಹೇಳಿದರು. ರಾಧಮ್ಮ ಗಂಗಾಲಕ್ಷ್ಮಮ್ಮನ ಕಡೆ ತಿರುಗಿದಳು.

"ನಿಜ ಹೇಳು, ನೀನು ಅವ್ರ ಹೆಸರು ಬರ್ದದ್ದು ಹೌದಾ?"

"ಬರ್ದೆ. ಅವ್ರನ್ನೇ ನೆನೆಸ್ಕೊಂಡು ಬರ್ದೆ."

"ಅದೇ ಹೇಳಿದ್ದು. ನೀನು ನೆನೆಸ್ಕೊಂಡ್ರೆ ಬೆರಳಿಗೆ ಆ ಹೆಸರು ಬರೋದಿಲ್ಲ ಮಾರಾಯ್ತಿ. ಅವ್ರು ಇದ್ದಷ್ಟು ವರ್ಷ ಬೇಲಿ ಈಚೆಯಿಂದ ಕೇಳಿದ್ದೇನೆ, ನೀನು ಅವ್ರನ್ನ ಕರೆಯೋದು ಸ್ನಾನಕ್ಕೂ ಅದೇ, ಊಟಕ್ಕೂ ಅದೇ. ಸಾಬ್ರೇ, ಬರೀರಿ: ಹೋಯ್ ಕೇಳ್ತಾ."

ಸಾಬರು ಬರೆದರು. ಫೋನು ಮರುಮಾತಾಡದೆ ಬಾಗಿಲು ತೆಗೆಯಿತು. ಎಪ್ಪತ್ತಮೂರು ಹಾಡುಗಳು ಊಟದ ಪಂಕ್ತಿಯಂತೆ ಸಾಲಾಗಿ ಕೂತಿದ್ದವು.

ಮರುಗಳಿಗೆಗೆ ಛತ್ರದ ತುಂಬ ಗಂಗಾಲಕ್ಷ್ಮಮ್ಮನ ದನಿ. ಕೆಮ್ಮಿಲ್ಲ, ಕೊಸರಿಲ್ಲ. ಆರತಿ ಎದ್ದಿತು. ಹಾಡುತ್ತಿದ್ದವರು ತಾವೇ ಆದರೂ ಬಾಯಿ ಮುಚ್ಚಿ ಕೂತು ಕೇಳುವುದು ಹೇಗೆಂದು ಗಂಗಾಲಕ್ಷ್ಮಮ್ಮನಿಗೆ ತಿಳಿಯಲಿಲ್ಲ. ಸೆರಗನ್ನು ಒಮ್ಮೆ ಹೊದ್ದರು, ಒಮ್ಮೆ ಬಿಟ್ಟರು. ಪಕ್ಕದ ಕುರ್ಚಿಯಲ್ಲಿ ರಾಧಮ್ಮ ತಲೆದೂಗುತ್ತ ಪೂರ್ತಿ ಕೇಳಿದಳು. ನಡುವೆ ಒಂದಕ್ಷರ ದನಿಗೂಡಿಸಲಿಲ್ಲ. ಹಾಡು ಮುಗಿದ ಮೇಲೆ ಸೀರೆಯ ಮಡಿಲಿನಿಂದ ತನ್ನ ಫೋನು ತೆಗೆದು ಗಂಗಾಲಕ್ಷ್ಮಮ್ಮನ ಮುಂದೆ ಹಿಡಿದಳು.

"ಗಂಗಾ, ಸಾಬ್ರ ಹತ್ರ ಹೇಳಿ ಅದನ್ನ ನಂಗೂ ಒಂದು ಕಳಿಸು. ಪಾಸ್‌ವರ್ಡ್ ಎಲ್ಲ ನೀನು ಹೇಳೋದು ಬೇಡ."