ಟೇಲರ್ ಎಂಬುದು ಯಾವ ಬರಿ?

ದೋಹಾ, ಮಾರ್ಚ್ 2006

ಅಲ್ ಸದ್ದ್‌ನ ಟೈಪಿಂಗ್ ಅಂಗಡಿಯಲ್ಲಿ, ಎ.ಸಿ.ಯ ನೇರ ಕೆಳಗೆ ವಿರಾಜಮಾನರಾಗಿರುವ ಕಂಪ್ಯೂಟರ್ ಅವರ ಸನ್ನಿಧಾನಕ್ಕೆ, ಎದುರಿನ ಹೊಲಿಗೆ ಅಂಗಡಿಯ ಮುದ್ದುಕೃಷ್ಣನು ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ,

ತಮ್ಮ ಪರದೆ ತಣ್ಣಗಿರಲಿ, ಕರೆಂಟು ಕೈಕೊಡದಿರಲಿ. ಕಳೆದ ತಿಂಗಳು ನನ್ನ ಗುರುತಿನ ಕಾರ್ಡಿನ ಅರ್ಜಿ ತುಂಬುವಾಗ ತಾವು ಕುಲನಾಮ ಕೇಳಿದಿರಿ. ನನ್ನ ಪಾಸ್‌ಪೋರ್ಟಿನಲ್ಲಿರುವುದು ಒಂದೇ ಹೆಸರು. ಆ ಚೌಕ ಖಾಲಿ ಬಿಟ್ಟಾಗಲೆಲ್ಲ ತಾವು ಕೆಂಪಗಾದಿರೇ ಹೊರತು ಮುಂದೆ ಹೋಗಲಿಲ್ಲ. ಕೊನೆಗೆ ತಮ್ಮನ್ನು ನಡೆಸುವ ಸುಲೈಮಾನ್ ಬ್ಯಾರಿಯವರು “ನಿಂದು ಕೆಲಸ ಎಂತ ಮಾರಾಯ?” ಎಂದು ಕೇಳಿ, ಅಲ್ಲಿ ‘ಟೇಲರ್’ ಎಂದು ಕುಟ್ಟಿ, “ಖಲಾಸ್” ಎಂದರು. ಹೀಗೆ ಪೂವಕ್ಕನ ಮಗನಾದ ನಾನು ಇಂಗ್ಲಿಷರ ಮನೆತನಕ್ಕೆ ಸೇರಿದೆ.

ಅದೆಷ್ಟು ದೊಡ್ಡ ಮನೆತನವೆಂದು ತಿಳಿದದ್ದು, ಪ್ಯಾಂಟಿಗೆ ಗುಂಡಿ ಹಾಕಿಸಲು ಬಂದ ನೈಜೆಲ್ ಟೇಲರ್ ಸಾಹೇಬರಿಂದ. ಕತ್ತರಿಸುವುದಕ್ಕೆ ಫ್ರೆಂಚರು ಆಡುತ್ತಿದ್ದ ಮಾತು ಸಮುದ್ರ ದಾಟಿ ಬಂದು ಇಂಗ್ಲೆಂಡಿನಲ್ಲಿ ದರ್ಜಿಯ ಹೆಸರಾಯಿತಂತೆ. ಏಳುನೂರು ವರ್ಷಗಳ ಹಿಂದೆ ಗುಮಾಸ್ತರು ಕೆಲಸ ಕೇಳಿ ಬರೆದುಕೊಂಡದ್ದು ಮಕ್ಕಳು ಮೊಮ್ಮಕ್ಕಳಿಗೂ ಅಂಟಿತಂತೆ. ನಡುವೆ ಯಾರೋ ಸ್ಪೆಲ್ಲಿಂಗಿನ ‘ಐ’ ಬಿಚ್ಚಿ ‘ವೈ’ ಹೊಲಿದರಂತೆ. ನನ್ನ ಕಾರ್ಡಿನಲ್ಲಿ ‘ಐ’ ಹಾಗೆಯೇ ಇರುವುದರಿಂದ ನಾನೇ ಹಿರಿಯ ಕವಲಿನವನಿರಬೇಕು. ಅಂದರೆ ಅಲ್ಲಿಯೂ ಒಬ್ಬ ಸುಲೈಮಾನ್ ಬ್ಯಾರಿ ಇದ್ದರು. ಅಲ್ಲಿ ತಲೆಮಾರುಗಳು ಹಿಡಿದ ಕೆಲಸವನ್ನು ತಾವು ಚಹಾ ಆರುವುದರೊಳಗೆ ಮುಗಿಸಿದಿರಿ.

ಈ ಉಪಕಾರದಿಂದ ಆದ ತೊಂದರೆ ಒಂದೇ: ನನ್ನ ಮದುವೆ ನಿಂತಿದೆ. ಊರಿನಲ್ಲಿ ಯಶ್ಮಿತಾ ಎಂಬ ಹುಡುಗಿಯೊಂದಿಗೆ ಮಾತುಕತೆ ನಡೆದಿತ್ತು. ನಮ್ಮ ತುಳುವರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ‘ಬರಿ’ಯನ್ನು ಕೇಳಿಯೇ ಸಂಬಂಧ, ಎರಡೂ ಕಡೆ ಒಂದೇ ಬರಿಯಾದರೆ ಮದುವೆಯಿಲ್ಲ. ಹುಡುಗಿಯ ಸೋದರಮಾವ, ಇಲ್ಲೇ ಅಲ್ ಗರಾಫಾದಲ್ಲಿರುವ ದೇಜಪ್ಪಣ್ಣ ಬಂದಾಗ ನಾನು ನನ್ನ ಬರಿಯನ್ನು ಸರಿಯಾಗಿಯೇ ಹೇಳಿದೆ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು, “ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು, ಇಲ್ಲಿ ಟೇಲರ್ ಅಂತ ಉಂಟಲ್ಲ, ಇದು ಯಾವ ಬರಿ?” ಎಂದರು. ಊರಿನಲ್ಲಿ ವಿಚಾರಿಸದೆ ಮುಂದಿನ ಮಾತಿಲ್ಲ ಎಂದು ಎದ್ದು ಹೋದರು.

ಆದ್ದರಿಂದ ತಾವು ದಯವಿಟ್ಟು ಆ ಚೌಕವನ್ನು ಖಾಲಿ ಬಿಡಲು ಕಲಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಶುಕ್ರವಾರ ರಜೆಯ ದಿನ ಅಲ್ ಗರಾಫಾಕ್ಕೆ ದಯಮಾಡಿಸಿ, ನನ್ನ ಹೊಸ ಮನೆತನದ ಹಿರಿಯರಾಗಿ ಚಾಪೆಯ ಮೇಲೆ ಕುಳಿತು, ದೇಜಪ್ಪಣ್ಣನಿಗೆ ಏಳುನೂರು ವರ್ಷದ ಕಥೆಯನ್ನು ತಾವೇ ಹೇಳಬೇಕು. ವೀಳ್ಯದ ತಟ್ಟೆ ನಾನು ತರುತ್ತೇನೆ. ತಮ್ಮ ವೈರು ಹಿಡಿಯಲು ನೈಜೆಲ್ ಸಾಹೇಬರನ್ನು ಕರೆಯಬಹುದು, ಹೇಗೂ ಸೂಜಿ ಹಿಡಿದು ಅವರಿಗೆ ಅಭ್ಯಾಸವಿಲ್ಲ.

ಕುಳಿತಲ್ಲೇ ಇಂಗ್ಲಿಷನಾದ,
ತಮ್ಮ ವಿಶ್ವಾಸಿ,
ಮುದ್ದುಕೃಷ್ಣ
ಕುಲನಾಮ: ಖಾಲಿ

ಮಡಚುವ ಮೊದಲು ಇನ್ನೊಂದು ಮಾತು: ಈಗಷ್ಟೇ ದೇಜಪ್ಪಣ್ಣನ ಫೋನು ಬಂತು. ಊರಿಡೀ ವಿಚಾರಿಸಿದರೂ ಟೇಲರ್ ಬರಿಯವರು ಒಬ್ಬರೂ ಸಿಗಲಿಲ್ಲವಂತೆ. “ಹಾಗಾದರೆ ಒಂದೇ ಬರಿ ಆಗುವ ಹೆದರಿಕೆ ಇಲ್ಲ, ಯಲ್ಲಾ, ನಡಿ, ದಿನ ನೋಡುವ” ಎಂದರು. ನಮಗೆ ಹುಟ್ಟುವ ಮಕ್ಕಳಿಗೆ ಯಶ್ಮಿತಾಳ ಬರಿ. ಇಂಗ್ಲೆಂಡಿನಲ್ಲಿ ಏಳುನೂರು ವರ್ಷ ಓಡಿದ ಹೊಲಿಗೆಗೆ ಇಲ್ಲಿ ನಾನೇ ಗಂಟು ಹಾಕಿ ದಾರ ಕತ್ತರಿಸುತ್ತೇನೆ.